ಒಂದು ಪದಕ್ಕೆ ಮೂರು ಬೀಡಿ

ಜೂನ್ ೩, ಸೋಮವಾರ

ವಾಚನಶಾಲೆಯ ಕಂಪ್ಯೂಟರ್ ಇವತ್ತು ಮೂರು ಸಲ ಸ್ತಬ್ಧವಾಯಿತು. ಬಾಣದ ಗುರುತು ಪರದೆಯ ನಡುವೆ ನಿಂತುಬಿಡುತ್ತದೆ. ಅರ್ಧ ನಿಮಿಷದ ನಂತರ ಏನೂ ಆಗಿಲ್ಲವೆಂಬಂತೆ ಮತ್ತೆ ಚಲಿಸುತ್ತದೆ. ಡಬ್ಬಿಯೊಳಗಿನಿಂದ ಟಿಕ್, ಟಿಕ್, ಟಿಕ್. ಹತ್ತು ವರ್ಷದ ಯಂತ್ರ. ಲಿನಕ್ಸ್ ಹಾಕಿದ್ದರಿಂದ ಇಷ್ಟು ಕಾಲ ಬಾಳಿದೆ, ಇಲ್ಲವಾದರೆ ಎಂದೋ ಗುಜರಿಗೆ ಹೋಗುತ್ತಿತ್ತು.

ಟರ್ಮಿನಲ್ ತೆರೆದು, ಯಂತ್ರ ತನ್ನಷ್ಟಕ್ಕೆ ಬರೆದುಕೊಂಡದ್ದನ್ನು ಓದಿದೆ. ಅದೂ ಒಂದು ದಿನಚರಿಯೇ. ಡಿಸ್ಕ್ ಓದಲಾಗಲಿಲ್ಲ, ಮತ್ತೆ ಪ್ರಯತ್ನಿಸುತ್ತಿದ್ದೇನೆ. ಓದಲಾಗಲಿಲ್ಲ, ಮತ್ತೆ ಪ್ರಯತ್ನಿಸುತ್ತಿದ್ದೇನೆ. ಇಂಥ ನಾನೂರು ಸಾಲು.

ಭಾನುವೇಚ್ಚಿ ಪುಸ್ತಕದ ರಿಜಿಸ್ಟರಿನಿಂದ ತಲೆಯೆತ್ತಿ, "ಪಾಪ ಮಾಷೆ, ಅದಕ್ಕೂ ವಯಸ್ಸಾಯ್ತು. ನನ್ನ ಮೊಣಕಾಲೂ ಹೀಗೇ ಸದ್ದು ಮಾಡುತ್ತೆ" ಎಂದರು. ಇಪ್ಪತ್ತೇಳು ವರ್ಷದಿಂದ ಇಲ್ಲಿನ ಪುಸ್ತಕಗಳನ್ನು ಕಾಯುತ್ತಿರುವ ಹೆಂಗಸು. ಇವರಿಗೆ ಪ್ರತಿಯೊಂದೂ ಪಾಪವೇ. ಸಿಟ್ಟು ಬಂತು.

ಆ ಡಿಸ್ಕಿನಲ್ಲಿ ನಲವತ್ತೊಂದು ದನಿಗಳಿವೆ. ಈ ಊರಿನ ಬೀಡಿ ಶೆಡ್ಡುಗಳಲ್ಲಿ ಆಯುಸ್ಸು ಕಳೆದವರ ಮಾತು. ನನ್ನ ಹಳೆಯ ಗೆಳೆಯ ಉತ್ತಮನ್ ಮನೆಮನೆಗೆ ಹೋಗಿ ಧ್ವನಿಮುದ್ರಿಸಿಕೊಂಡದ್ದು, ಒಂಬತ್ತು ವರ್ಷದ ಹಿಂದೆ. ಅವರಲ್ಲಿ ಮೂವತ್ತನಾಲ್ಕು ಮಂದಿ ಈಗಿಲ್ಲ. ಬೇರೆಲ್ಲೂ ನಕಲಿಲ್ಲ. ಪಟ್ಟಿಯಲ್ಲಿ ಒಂದು ಹೆಸರು: ನಾರಾಣಿ, ಮೂವತ್ತೆಂಟು ನಿಮಿಷ. ನನ್ನ ಅಮ್ಮ, ಆ ಮೂವತ್ತನಾಲ್ವರಲ್ಲಿ ಒಬ್ಬಳು. ನಾನು ಅದನ್ನು ಕೇಳಿಲ್ಲ.

ಜೂನ್ ೪

ಕೆಡುತ್ತಿರುವ ಡಿಸ್ಕನ್ನು ದುರಸ್ತಿ ಮಾಡಲು ಹೋಗಬಾರದು, ಮೊದಲು ನಕಲು ಮಾಡಿಕೊಳ್ಳಬೇಕು, ಅದರಲ್ಲೂ ಅತಿ ಮುಖ್ಯವಾದದ್ದನ್ನು ಮೊದಲು. ಶಾಲೆಯ ಲ್ಯಾಬಿನಲ್ಲಿ ವರ್ಷ ವರ್ಷ ಹೇಳಿಕೊಡುತ್ತೇನೆ. ಪೆನ್ ಡ್ರೈವ್ ಹಾಕಿ ವಯಸ್ಸಿನ ಕ್ರಮದಲ್ಲಿ ಶುರು ಮಾಡಿದೆ. ಹಿರಿಯರು ಮೊದಲು ಎಂಬುದು ನ್ಯಾಯ. ಮೂರು ಕಡತ ಬಂದವು. ನಾಲ್ಕನೆಯದು ಅರ್ಧದಲ್ಲಿ ನಿಂತು ಹೋಯಿತು. ಅಲ್ಲಿಂದ ಮುಂದೆ ಏನೂ ಅಲುಗಲಿಲ್ಲ.

ಅಮ್ಮ ಆ ಕ್ರಮದಲ್ಲಿ ಇಪ್ಪತ್ತೊಂಬತ್ತನೆಯವಳು.

ಜೂನ್ ೫

ಕಾರ್ಯದರ್ಶಿ ಪವಿತ್ರನ್ ಬಂದಿದ್ದ. ಹತ್ತೊಂಬತ್ತನೇ ತಾರೀಖು ವಾಚನ ದಿನ. ಅದರ ಜೊತೆಗೇ ವಾಚನಶಾಲೆಗೆ ಅರವತ್ತು ವರ್ಷ ತುಂಬುವ ಸಮಾರಂಭ. ಅಂದು ಹಿರಿಯರ ದನಿ ಕೇಳಿಸುವುದಾಗಿ ನೋಟೀಸಿನಲ್ಲಿ ಅಚ್ಚು ಹಾಕಿಸಿಬಿಟ್ಟಿದ್ದಾನೆ.

"ಆಗುತ್ತಾ, ಇಲ್ವಾ ಮಾಷೆ? ಒಂದೇ ಮಾತಲ್ಲಿ ಹೇಳಿ."

"ಡಬ್ಬಿ ತೆರೆದು ನೋಡಬೇಕು. ಬೀಗದ ಕೈ ಕೊಡು."

ಹಿಂದೊಮ್ಮೆ ಯಾರೋ ಡಬ್ಬಿಯೊಳಗಿನ ಮೆಮೊರಿ ಕದ್ದರೆಂದು ಕಮಿಟಿ ಅದಕ್ಕೆ ಬೀಗ ಹಾಕಿಸಿದೆ. ಕೀಲಿಕೈ ಕಾರ್ಯದರ್ಶಿಯ ಬಳಿ, ತೆರೆಯುವ ಅನುಮತಿ ಕಮಿಟಿಯ ಬಳಿ.

"ಅದು ಭಾನುವಾರದ ಸಭೆಗೆ ಬರ್ಲಿ. ಅಲ್ಲ ಮಾಷೆ, ಊರಿನ ಮಕ್ಕಳಿಗೆಲ್ಲ ಕಂಪ್ಯೂಟರ್ ಕಲಿಸ್ತೀರಿ. ಇದೊಂದು ಡಬ್ಬಿ ನಿಮ್ಮ ಮಾತು ಕೇಳಲ್ವಾ?"

ಅವನು ಹೋದ ಮೇಲೆ ನಾನು ಮಾಡಬಾರದ್ದನ್ನು ಮಾಡಿದೆ. ದುರಸ್ತಿಯ ಕಮಾಂಡ್ ಕೊಟ್ಟೆ. ಸರಿಪಡಿಸಲೇ ಎಂದು ಅದು ಕೇಳುವ ಪ್ರತಿ ಪ್ರಶ್ನೆಗೂ ಹೌದು, ಹೌದು, ಹೌದು ಎಂಬ ಉತ್ತರವನ್ನು ಮೊದಲೇ ಬರೆದುಕೊಟ್ಟೆ. ಸಾಲುಗಳು ಮೇಲಕ್ಕೆ ಓಡುತ್ತಿದ್ದಾಗ ಒಂದು ಬಗೆಯ ಸಮಾಧಾನವಿತ್ತು, ಯಾರಿಗೋ ಹೊಡೆದಂತೆ.

ಜೂನ್ ೬

ಒಂಬತ್ತು ಕಡತಗಳ ಹೆಸರು ಅಳಿಸಿಹೋಗಿದೆ. ಕಳೆದುಹೋದವು ಎಂಬ ಫೋಲ್ಡರಿನಲ್ಲಿ ಬರೀ ಸಂಖ್ಯೆಗಳಾಗಿ ಬಿದ್ದಿವೆ. ಯಾವ ಹೆಸರು ಪಟ್ಟಿಯಲ್ಲಿಲ್ಲವೆಂದು ನೋಡಿದೆ. ಪವಿತ್ರನ್‌ನ ಅಪ್ಪ ಕೋರನ್ ಇಲ್ಲ. ನಾರಾಣಿ ಇಲ್ಲ.

ಯಾರಿಗೂ ಹೇಳಿಲ್ಲ.

ಜೂನ್ ೯, ಭಾನುವಾರ

ಕಮಿಟಿ ಸಭೆ. ವಿಷಯ ಮೂರು: ಕಂಪ್ಯೂಟರಿನ ಡಿಸ್ಕ್ ಕೆಟ್ಟಿರುವ ಬಗ್ಗೆ.

ಕೆಟ್ಟಿದೆಯೋ ಇಲ್ಲವೋ ಇನ್ನೂ ಗೊತ್ತಿಲ್ಲ, ತೆರೆದು ನೋಡಬೇಕು ಎಂದೆ. ಚರ್ಚೆಯಾಗಲಿ ಎಂದರು. ನಲವತ್ತು ನಿಮಿಷ ಆಯಿತು. ಟಿಕ್ ಟಿಕ್ ಎಂದರೆ ಮುಗಿದಂತೆ, ದುಬೈಯಲ್ಲಿ ತನ್ನ ಭಾವನದ್ದೂ ಹೀಗೇ ಆಗಿತ್ತೆಂದು ಒಬ್ಬ. ಯಂತ್ರವನ್ನು ಅಪನಂಬಿಕೆಯಿಂದ ನೋಡುವುದು ಸಲ್ಲದೆಂದು ಇನ್ನೊಬ್ಬ. ಕೊನೆಗೆ ಮತಕ್ಕೆ ಹಾಕಿದರು. ಏಳು ಮತಗಳಿಂದ ಡಿಸ್ಕ್ ಕೆಟ್ಟಿದೆ. ನಾಲ್ಕು ಮತಗಳಿಂದ ಕೆಟ್ಟಿಲ್ಲ. ಮಿನಿಟ್ಸ್ ಪುಸ್ತಕದಲ್ಲಿ ಬರೆದಾಯಿತು. ನೀರು ಎಷ್ಟು ಬಿಸಿಗೆ ಕುದಿಯಬೇಕೆಂಬುದನ್ನೂ ಮುಂದಿನ ಸಭೆಯಲ್ಲಿ ತೀರ್ಮಾನಿಸಬಹುದು.

ಪಂಚಾಯತಿನಿಂದ ಹೊಸ ಯಂತ್ರ ತರಿಸುವುದು, ಹಳೆಯದನ್ನು ಸಮಾರಂಭ ಮುಗಿದ ಮರುದಿನ ಗುಜರಿಗೆ ಕೊಡುವುದು ಎಂದೂ ನಿರ್ಣಯ. ಸತ್ತದ್ದನ್ನು ತೆರೆಯುವ ಪ್ರಶ್ನೆಯೇ ಇಲ್ಲವಾದ್ದರಿಂದ ಕೀಲಿಕೈಯೂ ಇಲ್ಲ.

ನಾನು ಎದ್ದು ನಿಂತೆ. "ವಿರೋಧ" ಎಂಬ ಪದದ ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡೆ. ಬಾಲ್ಯದ ತೊದಲು ಸಿಟ್ಟು ಬಂದಾಗ ಈಗಲೂ ಮರಳುತ್ತದೆ. ಎಲ್ಲರೂ ಕನಿಕರದಿಂದ ಬಾಯನ್ನೇ ನೋಡುತ್ತಿದ್ದರು. ಕುಳಿತುಬಿಟ್ಟೆ. ಆಮೇಲೆ ಬಂದ ಬಾಳೆಹಣ್ಣಿನ ಪಳಂಪೊರಿ ತಿನ್ನದೆ ಹೊರಟೆ.

ಇದೇ ಕೋಣೆಯಲ್ಲಿ ಆರು ವರ್ಷದ ಹಿಂದೆಯೂ ಹೀಗೆ ನಿಂತಿದ್ದೆ. ದನಿಗಳ ಒಂದು ನಕಲನ್ನು ವಿಶ್ವವಿದ್ಯಾಲಯದಲ್ಲಿ ಇಡೋಣವೆಂದು ಉತ್ತಮನ್ ಸೂಚಿಸಿದ್ದ. ನಾನು ಅದಕ್ಕೆ ಉತ್ತರ ಕೊಡುತ್ತಿದ್ದೆ. ಅಂದೂ ಮಾತು ತಡೆಯಿತು. ಉಳಿದವರಾದರೂ ನನ್ನನ್ನು ನೋಡುತ್ತಿದ್ದರು. ಉತ್ತಮನ್ ನೋಡಲಿಲ್ಲ. ತಲೆ ಬಗ್ಗಿಸಿ ನೋಟೀಸಿನ ಕಾಗದವನ್ನು ಮಡಚಿ, ಮಡಚಿ, ಉಗುರಿನಷ್ಟು ಚಿಕ್ಕದು ಮಾಡುತ್ತಿದ್ದ. ನನ್ನ ಅಮ್ಮನ ಮುಂದೆ ಮೂವತ್ತೆಂಟು ನಿಮಿಷ ಕೂತವನು, ಅವಳು ನನಗೆ ಹೇಳದೇ ಇದ್ದದ್ದನ್ನೆಲ್ಲ ಕೇಳಿಸಿಕೊಂಡವನು, ನನ್ನ ಎರಡು ನಿಮಿಷಕ್ಕೆ ಮುಖ ಎತ್ತಲಿಲ್ಲ. ಸಭೆ ಅವನ ಸೂಚನೆಯನ್ನು ಬಿಟ್ಟಿತು. ಅವನು ವಾಚನಶಾಲೆಯನ್ನು ಬಿಟ್ಟ. ಅಂದಿನಿಂದ ಮಾತಿಲ್ಲ.

ನಾನು ಅಂದು ಏನೆಂದು ಉತ್ತರ ಕೊಟ್ಟಿದ್ದೆನೋ ಅದು ಈಗ ಅಪ್ರಸ್ತುತ.

ಜೂನ್ ೧೧

ಭಾನುವೇಚ್ಚಿ ತಮ್ಮ ಫೋನಿನಿಂದ ಯಾರಿಗೋ ಕರೆ ಮಾಡಿ, ಅದನ್ನು ನನ್ನ ಕಿವಿಗೆ ಒತ್ತಿ, ಚಹಾ ತರುತ್ತೇನೆಂದು ಹೊರಟೇಹೋದರು.

"ಯಾರು?" ಉತ್ತಮನ್. ಹಿಂದೆ ಯಾರೋ ಹಲೋ, ಹಲೋ, ಒಂದು, ಎರಡು ಎನ್ನುತ್ತಿದ್ದರು. ಅವನದು ಪಕ್ಕದ ಪೇಟೆಯಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ.

"ಭರತನ್."

ಹಿಂದಿನ ಹಲೋ, ಹಲೋ ನಿಲ್ಲಿಸಲು ಅವನು ಯಾರಿಗೋ ಹೇಳಿದ.

"ಬದುಕಿದ್ದೀಯಾ?"

"ಸತ್ತಿದ್ರೆ ಸಂತಾಪ ಸಭೆಗೆ ನಿನ್ನ ಮೈಕೇ ಬರ್ತಿತ್ತಲ್ಲ. ಗೊತ್ತಾಗ್ತಿತ್ತು."

"ನಿನಗಾದ್ರೆ ಬಾಡಿಗೆ ಬಿಡ್ತೀನಿ. ಏನು ವಿಷಯ, ಹೇಳು."

ಹೇಳಿದೆ. ಟಿಕ್ ಟಿಕ್, ಸ್ತಬ್ಧವಾಗುವುದು, ಓದಲಾಗಲಿಲ್ಲವೆಂಬ ನಾನೂರು ಸಾಲು, ಏಳಕ್ಕೆ ನಾಲ್ಕು ಮತ. ಹೆಸರು ಅಳಿಸಿದ್ದನ್ನು ಹೇಳಲಿಲ್ಲ. ಅವನು ನಕ್ಕ.

"ವಯರ್ ನೋಡಿದ್ಯಾ?"

"ಇದು ಮೈಕ್ ಅಲ್ಲ."

"ಎಲ್ಲಾ ಮೈಕೇ ಮಾರಾಯಾ. ಮೂವತ್ತು ವರ್ಷದಲ್ಲಿ ನನ್ನ ಹತ್ರ ರಿಪೇರಿಗೆ ಬಂದದ್ದರಲ್ಲಿ ಮುಕ್ಕಾಲು ಪಾಲು ವಯರೇ. ಡಬ್ಬಿಗೆ ಬೈಯೋದು ಸುಲಭ."

ಕರೆ ಕತ್ತರಿಸಿದೆ. ಚಹಾ ತಂದ ಭಾನುವೇಚ್ಚಿಗೂ ನಾಲ್ಕು ಮಾತು ಅಂದೆ. ಅವರು ಸಕ್ಕರೆ ಹಾಕಿರಲಿಲ್ಲ.

ಜೂನ್ ೧೨

ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಇಟ್ಟಿರುತ್ತದೆ. ಮೊದಲ ದಿನವೇ ಅದನ್ನು ಕೇಳಬೇಕಿತ್ತು. ಕೇಳಲಿಲ್ಲ. ಇವತ್ತು ಕೇಳಿದೆ. ಹಾಳಾಗಿ ಬದಲಿ ಜಾಗಕ್ಕೆ ಸರಿಸಿದ ತುಣುಕುಗಳು: ಸೊನ್ನೆ. ಓದಲಾಗದೆ ಉಳಿದವು: ಸೊನ್ನೆ. ಆಮೇಲೆ ದೀರ್ಘ ಪರೀಕ್ಷೆಗೆ ಹಚ್ಚಿದೆ. ಇದರಲ್ಲಿ ಡಿಸ್ಕ್ ತನ್ನನ್ನು ತಾನೇ ಮೊದಲಿನಿಂದ ಕೊನೆಯವರೆಗೆ ಓದಿಕೊಳ್ಳುತ್ತದೆ, ಹೊರಗೆ ಯಾರಿಗೂ ಏನೂ ಹೇಳಬೇಕಾಗಿಲ್ಲ. ಎರಡು ಗಂಟೆ ಹತ್ತು ನಿಮಿಷ. ಫಲಿತಾಂಶ: ದೋಷವಿಲ್ಲ.

ಏರುತ್ತಿದ್ದದ್ದು ಒಂದೇ ಸಂಖ್ಯೆ. ಡಿಸ್ಕಿನಿಂದ ಯಂತ್ರಕ್ಕೆ ಹೋಗುವ ದಾರಿಯಲ್ಲಿ ಕೆಟ್ಟುಹೋದ ಮಾತುಗಳ ಎಣಿಕೆ. ಬೆಳಿಗ್ಗೆ ಸಾವಿರದ ಎಂಟುನೂರ ನಲವತ್ತಾರು, ಸಂಜೆ ಸಾವಿರದ ಒಂಬೈನೂರ ಎರಡು. ಅಂದರೆ ವಯರು.

ಒಳಗೆ ಒಂದಕ್ಷರವೂ ತಡೆಯದೆ ಓದಿಕೊಳ್ಳುತ್ತದೆ. ಹೊರಗೆ ಹೇಳುವಾಗ ಮಾತ್ರ. ಇದರ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ಉತ್ತಮನ್ ಸರಿ ಹೇಳಿದ್ದ ಎಂಬುದು ಡಿಸ್ಕ್ ಕೆಟ್ಟಿದ್ದರೂ ಆಗದಷ್ಟು ಕಷ್ಟ ಕೊಡುತ್ತಿದೆ.

ಜೂನ್ ೧೩

ಮಳೆ. ಶಾಲೆ ಬಿಟ್ಟ ಮೇಲೆ ಮನೆಯಲ್ಲೇ ಇದ್ದೆ.

ಶೆಡ್ಡುಗಳಲ್ಲಿ ಒಬ್ಬ ಪತ್ರಿಕೆ ಓದುತ್ತಿದ್ದ, ಉಳಿದವರು ಬೀಡಿ ಕಟ್ಟುತ್ತಾ ಕೇಳುತ್ತಿದ್ದರು. ಓದುವವನ ಪಾಲಿನ ಬೀಡಿಯನ್ನು ಎಲ್ಲರೂ ಸೇರಿ ಕಟ್ಟಿಕೊಡುತ್ತಿದ್ದರು. ಹೆಮ್ಮೆಯಿಂದ ಹೇಳಿಕೊಳ್ಳುವ ಕಥೆ ಇದು, ನಾನೂ ವಿದ್ಯಾರ್ಥಿಗಳಿಗೆ ಹೇಳಿದ್ದೇನೆ. ನಮ್ಮ ಮನೆಯಲ್ಲಿ ನಡೆದದ್ದು ಹೇಳಿಲ್ಲ. ಶೆಡ್ಡಿನಲ್ಲಿ ಮುಗಿಯದ ಎಲೆಯನ್ನು ಅಮ್ಮ ಮನೆಗೆ ತರುತ್ತಿದ್ದಳು. ಜಗಲಿಯಲ್ಲಿ ಮೊರ ಹಿಡಿದು ಕೂತು ಹಳೆಯ ಪತ್ರಿಕೆಯನ್ನು ನನ್ನತ್ತ ನೂಕುತ್ತಿದ್ದಳು. "ಓದು. ನನಗೆ ಬರಲ್ಲ." ಏಳು ವರ್ಷದಿಂದ ಹದಿನಾರರವರೆಗೆ, ದಿನಾ. ನಾನು ಒಂದೊಂದು ಪದಕ್ಕೆ ಒದ್ದಾಡುತ್ತಿದ್ದೆ. ಅವಳು ಒಂದು ಸಲವೂ ತಲೆಯೆತ್ತಿ ನೋಡಲಿಲ್ಲ. ಎಲೆ, ಹೊಗೆಸೊಪ್ಪು, ನೂಲು. ಎಲೆ, ಹೊಗೆಸೊಪ್ಪು, ನೂಲು. ನಾನು ಓದುತ್ತಿದ್ದೇನೋ ಸಾಯುತ್ತಿದ್ದೇನೋ ಅವಳಿಗೆ ಒಂದೇ. ಹದಿನಾರಕ್ಕೆ ಪತ್ರಿಕೆಯನ್ನು ಅವಳ ಮೊರಕ್ಕೆ ಎಸೆದೆ. "ಬೇಕಿದ್ರೆ ಅಕ್ಷರ ಕಲಿತುಕೊ" ಎಂದೆ. ಅವಳು ಹೊಗೆಸೊಪ್ಪಿನ ಪುಡಿಯನ್ನು ಪತ್ರಿಕೆಯಿಂದ ಕೊಡವಿ ವಾಪಸು ಮೊರಕ್ಕೆ ಹಾಕಿದಳು. ಅಷ್ಟೇ.

ಇದನ್ನೆಲ್ಲ ಉತ್ತಮನ್‌ಗೆ ಹೇಳಿರುತ್ತಾಳೆ. ಅದಕ್ಕೇ ಕೇಳಿಲ್ಲ.

ಜೂನ್ ೧೬, ಭಾನುವಾರ

ಪರೀಕ್ಷೆಯ ಫಲಿತಾಂಶವನ್ನು ಅಚ್ಚು ಮಾಡಿಸಿ ಪವಿತ್ರನ್‌ನ ಮೇಜಿನ ಮೇಲೆ ಕುಕ್ಕಿದೆ. ಅವನು ಸಂಖ್ಯೆಗಳನ್ನು ಓದಲಿಲ್ಲ.

"ನಮ್ಮಪ್ಪನ ದನಿ ಇದೆಯಾ ಮಾಷೆ, ಇನ್ನೂ?"

ಕಮಿಟಿ, ಮಿನಿಟ್ಸ್, ಗುಜರಿ ಎಂದದ್ದೆಲ್ಲ ಈ ಪ್ರಶ್ನೆ ಕೇಳದೆ ಇರುವುದಕ್ಕೋ ಏನೋ. ನಾನು ಫಲಿತಾಂಶದ ಕಾಗದವನ್ನು ಅವನತ್ತ ಇನ್ನಷ್ಟು ತಳ್ಳಿದೆ. ಅವನು ಕೀಲಿಕೈ ತೆಗೆದ.

"ಕಮಿಟಿ ತೀರ್ಮಾನ ಬದಲಿಸೋ ಅಧಿಕಾರ ನನಗಿಲ್ಲ. ಬೀಗ ತೆಗೆಯೋ ಅಧಿಕಾರ ಇದೆ."

ತೆರೆದೆವು. ಮೊದಲು ವಾಸನೆ ಬಂತು. ಯಂತ್ರದ್ದಲ್ಲ. ಖಾರ, ಕಹಿ, ಹಸಿ ಮಣ್ಣು. ಡಿಸ್ಕಿನ ವಯರಿಗೆ ಒತ್ತಿಕೊಂಡು ಮುಷ್ಟಿಗಾತ್ರದ ಬಟ್ಟೆಯ ಗಂಟು. ಅದರ ದಾರದ ತುದಿ ಫ್ಯಾನಿನ ರೆಕ್ಕೆಗೆ ತಾಗುತ್ತಿತ್ತು. ಟಿಕ್, ಟಿಕ್, ಟಿಕ್. ಗಂಟು ಬಿಚ್ಚಿದರೆ ಬಜೆಯ ಬೇರು.

"ಅಯ್ಯೋ, ಅದು ನಾನು ಇಟ್ಟದ್ದು" ಎಂದರು ಭಾನುವೇಚ್ಚಿ. "ಪುಸ್ತಕದ ಕಪಾಟಿಗೆಲ್ಲ ಮಳೆಗಾಲ ಶುರುವಾದಾಗ ಇಡ್ತೀನಲ್ಲ, ಹುಳ ಬರಬಾರದು ಅಂತ. ಇದರಲ್ಲೂ ಓದೋದೇ ತಾನೇ ಇರೋದು? ಹಿಂದೆ ಒಂದು ಕಿಂಡಿ ಇದೆ, ಅದರಲ್ಲಿ ತೂರಿಸ್ತೀನಿ ಪ್ರತಿ ವರ್ಷ. ಈ ಸಲ ಬೇರು ಚೆನ್ನಾಗಿ ಸಿಕ್ತು, ಗಂಟು ಸ್ವಲ್ಪ ದಪ್ಪ ಆಯ್ತು."

ನಾನು ಕೂಗಾಡಿದೆ. ಇಪ್ಪತ್ತೇಳು ವರ್ಷದ ಕೆಲಸ, ಕವಡೆಯಷ್ಟೂ ಬುದ್ಧಿಯಿಲ್ಲ, ಸತ್ತ ಮೂವತ್ತನಾಲ್ಕು ಮಂದಿಯನ್ನು ಇನ್ನೊಮ್ಮೆ ಕೊಲ್ಲುತ್ತಿದ್ದಿರಿ ಎಂದೆ. ಅವರು ಅಳಲಿಲ್ಲ. ಸೆರಗು ಸರಿಪಡಿಸಿಕೊಂಡರು.

"ವಯರ್ ಸಿಕ್ಕಿಸಿ ಮಾಷೆ. ಆಮೇಲೆ ಬೈಯಿರಿ, ಇಲ್ಲೇ ಇರ್ತೀನಿ."

ಸಿಕ್ಕಿಸಿದೆ. ಒಂದು ಗಂಟೆಯೊಳಗೆ ನಲವತ್ತೊಂದೂ ನಕಲಾದವು. ಒಂದೂ ನಿಲ್ಲಲಿಲ್ಲ. ಆಗ ಹೇಳಲೇಬೇಕಾಯಿತು: ಒಂಬತ್ತರ ಹೆಸರು ಇಲ್ಲ, ಅಳಿಸಿದ್ದು ನಾನು, ಹನ್ನೊಂದು ದಿನದ ಹಿಂದೆ, ಸಿಟ್ಟಿನಲ್ಲಿ. ಭಾನುವೇಚ್ಚಿ ಗಂಟನ್ನು ಮತ್ತೆ ಕಟ್ಟುತ್ತಾ ಅಂದರು:

"ನಾನು ವಯರ್ ತಳ್ಳಿದೆ, ನೀವು ಹೆಸರು ಒರೆಸಿದ್ರಿ. ಇಬ್ಬರದೂ ಒಂದೊಂದಾಯ್ತು. ಇನ್ನು ಕೂತು ಕೇಳಿ ಯಾರು ಯಾರು ಅಂತ ಗುರುತು ಹಚ್ಚೋಣ."

ಕೈಯಲ್ಲಿ ಇನ್ನೂ ಬಜೆಯ ವಾಸನೆ. ಎರಡು ಸಲ ಸೋಪು ಹಾಕಿ ತೊಳೆದೆ. ಇದೇ ಬೇರನ್ನು ಕಲ್ಲಿನ ಮೇಲೆ ಜೇನಲ್ಲಿ ತೇಯ್ದು ಅಮ್ಮ ನನ್ನ ನಾಲಿಗೆಗೆ ಹಚ್ಚುತ್ತಿದ್ದಳು.

ಜೂನ್ ೧೭

ಮೂವರೂ ಕೂತೆವು. ಎರಡನೆಯ ಸಂಖ್ಯೆಯಲ್ಲಿ ಯಾರೂ ಮಾತಾಡುವ ಮೊದಲೇ ಒಂದು ಕೆಮ್ಮು. ಪವಿತ್ರನ್ ಎದ್ದು ಕಿಟಕಿಯ ಕಡೆ ಹೋದ. "ಹೆಸರು ಬರ್ಕೊಳ್ಳಿ ಮಾಷೆ. ಕೋರನ್." ದನಿ ಕೇಳಲು ಅವನು ನಿಲ್ಲಲಿಲ್ಲ, ಮಳೆಯಲ್ಲೇ ಸೈಕಲ್ ಹತ್ತಿದ. ಉಳಿದವುಗಳಲ್ಲಿ ಏಳನ್ನು ಭಾನುವೇಚ್ಚಿ ಗುರುತಿಸಿದರು. ಕೆಲವರನ್ನು ಅವರು ಯಾವ ಪುಸ್ತಕವನ್ನು ವಾಪಸು ಕೊಡದೆ ಸತ್ತರು ಎಂಬುದರ ಸಮೇತ.

ಒಂದು ಉಳಿಯಿತು. "ಅದು ಯಾರದ್ದು ಅಂತ ಕೇಳದೇನೇ ಗೊತ್ತಲ್ಲ" ಎಂದೆ.

"ಗೊತ್ತು ಅಂದ್ಕೊಂಡು ಹೆಸರು ಬರೆಯೋಕಾಗಲ್ಲ" ಎಂದು ಅವರು ಕೊಡೆ ತೆಗೆದುಕೊಂಡು ಹೋದರು.

ಜೂನ್ ೧೮

ಬೆಳಿಗ್ಗೆ ಏಳಕ್ಕೆ ವಾಚನಶಾಲೆ ತೆರೆದು ಕೂತೆ.

ಮೊದಲ ಇಪ್ಪತ್ತು ನಿಮಿಷ ಎಲೆಯ ಗುಣ, ಮುಷ್ಕರ, ಮೇಸ್ತ್ರಿಯ ಬೈಗುಳ. ಮಾತಿನ ಹಿಂದೆ ಕತ್ತರಿಯ ಸದ್ದು. ನನ್ನ ಬಗ್ಗೆ ಏನೂ ಇಲ್ಲ. ನಿಲ್ಲಿಸಲು ಕೈ ಎತ್ತಿದ್ದೆ.

"ನಾರಾಣಿಯಮ್ಮೆ, ಓದೋಕೆ ಬರ್ತಿತ್ತಾ ನಿಮಗೆ?" ಉತ್ತಮನ್ ಕೇಳುತ್ತಾನೆ.

"ನಾಲ್ಕನೇ ಕ್ಲಾಸಿನ ತನಕ ಹೋಗಿದ್ದೆ ಮಗಾ. ಓದುವವನು ರಜೆ ಹಾಕಿದ ದಿನ ಶೆಡ್ಡಲ್ಲಿ ನಾನೇ ಪತ್ರಿಕೆ ಓದ್ತಿದ್ದೆ."

"ಮತ್ತೆ ಭರತನ ಕೈಲಿ ಯಾಕೆ ಓದಿಸ್ತಿದ್ರಿ?"

"ಅವನಿಗೆ ಮಾತು ತಡೀತಿತ್ತಲ್ಲ. ಬಜೆ ತೇಯ್ದು ತೇಯ್ದು ನನ್ನ ಬೆರಳೇ ಕಹಿ ಆಯ್ತು, ಏನೂ ಆಗ್ಲಿಲ್ಲ. ಆಮೇಲೆ ಇದು ಹೊಳೀತು. ಮುಖ ನೋಡಿದ್ರೆ ಇನ್ನೂ ತಡೀತಿತ್ತು ಅವನಿಗೆ. ಅದಕ್ಕೆ ತಲೆ ಎತ್ತುತ್ತಿರ್ಲಿಲ್ಲ. ಬೀಡಿ ಕಟ್ತಾ ಇರ್ತಿದ್ದೆ. ಒಂದು ಪದಕ್ಕೆ ಮೂರು ಬೀಡಿ ಆದ ದಿನಾನೂ ಇದೆ." ನಗು. "ಶೆಡ್ಡಲ್ಲಿ ಓದುವವನ ಪಾಲು ಎಲ್ಲರೂ ಸೇರಿ ಕಟ್ತಿದ್ವಿ. ಮನೇಲಿ ಇವನ ಪಾಲು ನಾನೊಬ್ಬಳೇ ಕಟ್ಟಿದ್ದು. ಅವನಿಗೆ ಹೇಳಬೇಡ. ಅಮ್ಮನಿಗೆ ಅಕ್ಷರ ಬರಲ್ಲ ಅಂದ್ಕೊಂಡಿದಾನೆ. ಇರ್ಲಿ ಬಿಡು, ಮಾಷ್ ಆಗಿದಾನೆ."

ಉತ್ತಮನ್ ಹೇಳಲಿಲ್ಲ. ಒಂಬತ್ತು ವರ್ಷ.

ಉಳಿದದ್ದನ್ನೂ ಕೇಳಿದೆ, ಮತ್ತೆ ಮೊದಲಿನಿಂದಲೂ, ಎಷ್ಟು ಸಲವೋ. ಸಂಖ್ಯೆಯನ್ನು ಅಳಿಸಿ ಹೆಸರು ಬರೆದೆ. ಶಾಲೆಗೆ ಅರ್ಧ ಗಂಟೆ ತಡವಾಯಿತು, ಹೆಡ್ ಮಾಷ್ ಗಡಿಯಾರ ತೋರಿಸಿದರು. ಅವರ ಗಡಿಯಾರ ಯಾವಾಗಲೂ ಹತ್ತು ನಿಮಿಷ ಮುಂದೆ.

ಜೂನ್ ೧೯, ಬುಧವಾರ

ಸಮಾರಂಭಕ್ಕೆ ಮುಂಚೆ ತುರ್ತು ಕಮಿಟಿ. ಹಳೆಯ ಯಂತ್ರವನ್ನು ಗುಜರಿಗೆ ಕೊಡಬಾರದು, ದನಿಗಳ ಒಂದು ನಕಲು ವಿಶ್ವವಿದ್ಯಾಲಯಕ್ಕೆ ಹೋಗಬೇಕು ಎಂಬ ಎರಡು ನಿರ್ಣಯಗಳನ್ನು ನಾನು ಮಂಡಿಸಿದೆ.

ಪವಿತ್ರನ್ ಹಳೆಯ ಮಿನಿಟ್ಸ್ ಪುಸ್ತಕ ತಿರುವಿದ. "ನಮ್ಮವರ ದನಿ ಈ ಕಟ್ಟಡದ ಹೊಸಿಲು ದಾಟಬಾರದು ಅಂತ ಆರು ವರ್ಷದ ಹಿಂದೆ ಒಬ್ಬರು ವಿರೋಧಿಸಿದಾರೆ. ಹೆಸರು ಓದ್ಲಾ ಮಾಷೆ?"

"ಓದು" ಎಂದೆ. ಓದಿದ. ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು, ಆದರೆ ನಿರ್ಣಯ ಪಾಸಾಯಿತು. ನಲವತ್ತೊಂದು ಹೆಸರುಗಳನ್ನು ವೇದಿಕೆಯಿಂದ ಓದುವ ಕೆಲಸ ನನ್ನದೆಂದೂ ತೀರ್ಮಾನಿಸಿದರು, ಅವಿರೋಧವಾಗಿ. ಶಿಕ್ಷೆಯೆಂದೇ ಇರಬೇಕು.

ಮೈಕ್ ಸೆಟ್ ತಂದದ್ದು ಉತ್ತಮನ್. ತಲೆ ಪೂರ್ತಿ ನರೆತಿದೆ. ಭಾನುವೇಚ್ಚಿಯಿಂದ ಬಜೆಯ ಗಂಟನ್ನು ಕೇಳಿ ಪಡೆದು, ಮೂಸಿ, ನನ್ನ ಕಡೆ ನೋಡಿದ.

"ವಯರು" ಎಂದ.

"ಗೊತ್ತು" ಎಂದೆ. ಮಾತು ಅಷ್ಟೇ ಆಯಿತು.

ಹೆಸರುಗಳನ್ನು ವಯಸ್ಸಿನ ಕ್ರಮದಲ್ಲಿ ಓದಿದೆ. ಇಪ್ಪತ್ತೆಂಟು ಸರಾಗವಾಗಿ ಬಂದವು. ಇಪ್ಪತ್ತೊಂಬತ್ತನೆಯದರಲ್ಲಿ, ನಾ ಎಂಬಲ್ಲಿ, ನಿಂತೆ. ನೂರಿಪ್ಪತ್ತು ಮುಖಗಳು. ಪವಿತ್ರನ್ ನೀರಿನ ಲೋಟವನ್ನು ಮುಂದಕ್ಕೆ ತಳ್ಳಿದ. ಮೂರನೆಯ ಸಾಲಿನಲ್ಲಿ ಒಬ್ಬ ನನ್ನ ಪರವಾಗಿ ತಾನೇ ಬಾಯಿ ಆಡಿಸುತ್ತಿದ್ದ. ಮೈಕಿನ ಪೆಟ್ಟಿಗೆಯ ಪಕ್ಕ ಕೂತಿದ್ದ ಉತ್ತಮನ್ ಮಾತ್ರ ತಲೆ ಬಗ್ಗಿಸಿ, ಒಂದು ತುಂಡು ವಯರನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ, ಮತ್ತೆ ಸುತ್ತುತ್ತಾ ಇದ್ದ.

ನಾನು ಅವನ ನೆತ್ತಿಯನ್ನೇ ನೋಡುತ್ತಾ ನಿಂತೆ. ಎಷ್ಟು ಬೀಡಿಯಾಯಿತೋ ತಿಳಿಯದು. ಪದ ಬಂತು.